ಕವಚದ ಬಲ ಕವಚದಲ್ಲಿಲ್ಲ

‘ಐರನ್ ಮ್ಯಾನ್’ ಪಾತ್ರ ಅಮೆರಿಕದ ಮಾರ್ವೆಲ್ ಕಾಮಿಕ್ಸಿನಲ್ಲಿ ಹುಟ್ಟಿದ್ದು 1963ರಲ್ಲಿ. ನಮ್ಮ ಊರಿನ ಹುಡುಗರ ತಲೆ ಹೊಕ್ಕದ್ದು 2008ರ ಸಿನಿಮಾದ ಮೂಲಕ. ಎದೆಗೆ ಗಾಯವಾಗಿ ಗುಹೆಯೊಂದರಲ್ಲಿ ಸೆರೆಸಿಕ್ಕ ಎಂಜಿನಿಯರೊಬ್ಬ ಕೈಗೆ ಸಿಕ್ಕ ಲೋಹ, ತಂತಿಗಳಿಂದ ಯಂತ್ರಕವಚ ಕಟ್ಟಿ, ಅದನ್ನು ತೊಟ್ಟು, ಗುಂಡಿನ ಮಳೆಗೂ ಜಗ್ಗದೆ ಹೊರಗೆ ನಡೆದುಬರುತ್ತಾನೆ. ಈ ಕಥೆ ರಂಜನೆಯಾಗಿ ಮಾತ್ರ ಉಳಿದಿದ್ದರೆ ಅದರ ಮೇಲೆ ಲೇಖನ ಬರೆಯುವ ಅಗತ್ಯವಿರಲಿಲ್ಲ. ಆದರೆ ಅದರಿಂದ ಒಂದು ನಂಬಿಕೆ ಬೆಳೆದಿದೆ. ಶಾಲಾ ಕಾಲೇಜುಗಳ ವಿಜ್ಞಾನ ಮೇಳಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಕಾರ್ಮಿಕರ ಸುರಕ್ಷತೆಯ ಮಾತು ಬಂದಾಗಲೂ ಅದು ತಲೆಯೆತ್ತುತ್ತದೆ. ಅದನ್ನು ಹೀಗೆ ಬಿಡಿಸಿ ಹೇಳಬಹುದು: ರಕ್ಷಣೆಯೆಂದರೆ ಮೈಮೇಲೆ ತೊಡುವ ವಸ್ತು, ಅದರ ಬಲವಿರುವುದು ಅದರೊಳಗಿನ ಯಂತ್ರಗಳಲ್ಲಿ, ಅಂಥ ಯಂತ್ರವನ್ನು ಸಾಕಷ್ಟು ಬುದ್ಧಿವಂತನಾದ ಒಬ್ಬನೇ ಕಟ್ಟಬಲ್ಲ. ನನ್ನ ಲೆಕ್ಕದಲ್ಲಿ ಈ ಮೂರೂ ತಪ್ಪು. ಮೂರನೆಯದು ಬರಿಯ ತಪ್ಪು, ಮೊದಲನೆಯದು ಅಪಾಯಕಾರಿ ತಪ್ಪು.

ತೆಗೆದುಹಾಕುವ ಮುನ್ನ ಆ ನಂಬಿಕೆಯಲ್ಲಿರುವ ಒಳ್ಳೆಯ ಅಂಶವನ್ನು ಒಪ್ಪಬೇಕು. ನಮ್ಮ ಕಾವ್ಯಗಳ ಕರ್ಣ ಕವಚದೊಂದಿಗೇ ಹುಟ್ಟಿದವನು. ಅದನ್ನು ಅವನು ಗಳಿಸಲೂ ಇಲ್ಲ, ಮಾಡಲೂ ಇಲ್ಲ. ಸಿನಿಮಾದ ನಾಯಕ ಹುಟ್ಟಿನಿಂದ ಸಾಮಾನ್ಯ ಮನುಷ್ಯ, ಅದರಲ್ಲೂ ಹೃದಯ ದುರ್ಬಲವಾದವನು. ಓದು, ಕೈಕೆಲಸ, ಲೆಕ್ಕಾಚಾರ ಇವುಗಳಿಂದ ಬಲ ಬರುತ್ತದೆ ಎಂದು ಆ ಕಥೆ ಹೇಳುತ್ತದೆ. ವಂಶ, ವರ, ಶಾಪಗಳ ಕಥೆಗಳನ್ನು ಕೇಳಿ ಬೆಳೆದ ಸಮಾಜಕ್ಕೆ ಇದು ಸಣ್ಣ ಮಾತಲ್ಲ. ಕರ್ಣನ ಕವಚಕ್ಕೆ ಇಂಧನ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು, ಅದು ಕಾವ್ಯ. ಆದರೆ ಈ ಹೊಸ ಕವಚ ತನ್ನನ್ನು ಎಂಜಿನಿಯರಿಂಗ್ ಎಂದು ಪರಿಚಯಿಸಿಕೊಳ್ಳುತ್ತದೆ. ಹಾಗೆ ಬಂದ ಮೇಲೆ ಎಂಜಿನಿಯರಿಂಗಿನ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ಆ ಪ್ರಶ್ನೆಗಳನ್ನು ಕೇಳಲು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕವಚಕ್ಕೆ ಬೇಕಾದ ಕಬ್ಬಿಣ ಸಂಡೂರಿನ ಬೆಟ್ಟಗಳಲ್ಲಿದೆ, ವಿದ್ಯುತ್ತು ತುಂಗಭದ್ರೆಯಲ್ಲಿದೆ, ಕವಚ ತೊಟ್ಟು ಕಾದಿದವರ ಚರಿತ್ರೆ ಹಂಪಿಯಲ್ಲಿದೆ, ಮೈಬಲವನ್ನೇ ನಂಬಿ ದುಡಿಯುವವರು ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿದ್ದಾರೆ.

ಒಬ್ಬನೇ ಕಟ್ಟಿದ ಎಂಬ ಮಾತನ್ನು ಮೊದಲು ನೋಡೋಣ. ಗುಹೆಯಲ್ಲಿ ಆ ಎಂಜಿನಿಯರಿಗೆ ಸಿಕ್ಕಿದ್ದು ಕಲ್ಲುಮಣ್ಣಲ್ಲ. ಅವನದೇ ಕಂಪನಿ ತಯಾರಿಸಿದ ಕ್ಷಿಪಣಿಗಳು. ಅಂದರೆ ಅದಿರು ತೋಡಿದವರು, ಲೋಹ ಕರಗಿಸಿದವರು, ಚಿಪ್ ಮಾಡಿದವರು ತಮ್ಮ ಕೆಲಸವನ್ನೆಲ್ಲ ಮುಗಿಸಿಯಾಗಿತ್ತು. ಕಥೆ ಅವರನ್ನು ತೆರೆಯ ಹಿಂದೆ ಇಟ್ಟು ಕೊನೆಯ ಜೋಡಣೆಯನ್ನಷ್ಟೇ ತೋರಿಸುತ್ತದೆ. ಅದಿರು ಇದ್ದಮಾತ್ರಕ್ಕೆ ಉಕ್ಕು ಬರುವುದಿಲ್ಲ ಎಂಬುದಕ್ಕೆ ತೋರಣಗಲ್ಲೇ ಸಾಕ್ಷಿ. ಅಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಉತ್ಪಾದನೆ ಶುರುವಾದದ್ದು 1990ರ ದಶಕದಲ್ಲಿ, ಅದೂ ಖಾಸಗಿಯವರ ಕೈಗೆ ಬಂದ ಮೇಲೆ. ಜಗತ್ತಿನ ಉತ್ತಮ ಅದಿರು ಹಿತ್ತಲಲ್ಲೇ ಇದ್ದರೂ ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಹಣ, ಹೊರಗಿನಿಂದ ತರಬೇಕಾದ ಕೋಕಿಂಗ್ ಕಲ್ಲಿದ್ದಲು, ನೀರು, ರೈಲು, ಸಾವಿರಾರು ನುರಿತ ಕೈಗಳು ಕೂಡಿಬರದೆ ಕುಲುಮೆ ಹೊತ್ತುವುದಿಲ್ಲ. ಜಾಣತನದ ಕೊರತೆ ಅಲ್ಲಿ ಯಾವತ್ತೂ ಇರಲಿಲ್ಲ.

ಇನ್ನು ಬಲದ ಮಾತು. ಕವಚಕ್ಕೆ ಬಲ ಕೊಡುವ, ಎದೆಯ ಮೇಲೆ ಹೊಳೆಯುವ ಪುಟ್ಟ ರಿಯಾಕ್ಟರಿನಿಂದ ಸೆಕೆಂಡಿಗೆ 3 ಗಿಗಾಜೌಲ್ ಶಕ್ತಿ ಬರುತ್ತದೆಂದು ಸಿನಿಮಾದ ನಾಯಕನೇ ಹೇಳುತ್ತಾನೆ. ಅಂದರೆ 3000 ಮೆಗಾವಾಟ್. ತುಂಗಭದ್ರಾ ಅಣೆಕಟ್ಟಿನ ಬುಡದಲ್ಲಿರುವ ಮತ್ತು ಹಂಪಿಯ ವಿದ್ಯುತ್ ಮನೆಗಳ ಸಾಮರ್ಥ್ಯ ಎರಡೂ ಸೇರಿ 72 ಮೆಗಾವಾಟ್. ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ಸ್ಥಾವರದ ಮೂರು ಘಟಕಗಳು ಸೇರಿ 1700. ಇವೆಲ್ಲವನ್ನೂ ಕೂಡಿಸಿದರೂ ಆ ಎದೆಯ ಬಿಲ್ಲೆಗೆ ಸಾಟಿಯಾಗುವುದಿಲ್ಲ. ಇಂದಿನ ಒಳ್ಳೆಯ ಲಿಥಿಯಂ ಬ್ಯಾಟರಿ ಕಿಲೋ ಒಂದಕ್ಕೆ ಹಿಡಿದಿಡುವುದು ಒಂದು ಮೆಗಾಜೌಲಿನ ಆಸುಪಾಸು. ಆ ಲೆಕ್ಕಕ್ಕೆ ಕವಚ ಪೂರ್ಣ ಬಲದಲ್ಲಿ ಒಂದೇ ಒಂದು ಸೆಕೆಂಡು ನಡೆಯಲು ಮೂರು ಟನ್ ಬ್ಯಾಟರಿ ಹೊರಬೇಕು. ಜೆಟ್ ಎಂಜಿನ್‌ಗಳನ್ನು ಕೈಗೂ ಬೆನ್ನಿಗೂ ಕಟ್ಟಿಕೊಂಡು ಹಾರುವ ಉಡುಪನ್ನು ಬ್ರಿಟನ್ನಿನಲ್ಲಿ ನಿಜವಾಗಿಯೂ ಮಾಡಿದ್ದಾರೆ. ಅದು ಹಾರುತ್ತದೆ, ಕೆಲವೇ ನಿಮಿಷ. ಆಮೇಲೆ ಇಂಧನ ಮುಗಿಯುತ್ತದೆ.

ಇದಕ್ಕೊಂದು ಆಕ್ಷೇಪ ಸದಾ ಸಿದ್ಧವಾಗಿರುತ್ತದೆ: ‘ಇಂದು ಇಲ್ಲದಿದ್ದರೇನು, ನಾಳೆ ಅಂಥ ರಿಯಾಕ್ಟರ್ ಬರಬಹುದಲ್ಲ?’ ಬರಲಿ ಎಂದೇ ಇಟ್ಟುಕೊಳ್ಳೋಣ. ಆಗಲೂ ಎರಡು ತೊಡಕುಗಳು ಹಾಗೇ ನಿಲ್ಲುತ್ತವೆ, ಏಕೆಂದರೆ ಅವು ಇಂಧನಕ್ಕೆ ಸಂಬಂಧಪಟ್ಟವಲ್ಲ, ಒಳಗಿರುವ ಮನುಷ್ಯನಿಗೆ ಸಂಬಂಧಪಟ್ಟವು.

1. ಶಾಖ. ಯಾವ ಯಂತ್ರವೂ ಪಡೆದ ಶಕ್ತಿಯನ್ನೆಲ್ಲ ಕೆಲಸವಾಗಿ ಬದಲಿಸುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಕೆಲಸಕ್ಕೆ ಹೋಗುವ, ಇದುವರೆಗೆ ಯಾರೂ ಕಾಣದಷ್ಟು ಸಮರ್ಥ ಕವಚವನ್ನೇ ಊಹಿಸಿದರೂ ಉಳಿದ ಒಂದು ಪಾಲು 30 ಮೆಗಾವಾಟ್ ಶಾಖವಾಗುತ್ತದೆ. ಸೆಕೆಂಡಿಗೆ ಹತ್ತು ಲೀಟರಿಗೂ ಹೆಚ್ಚು ನೀರನ್ನು ಪೂರ್ತಿ ಆವಿ ಮಾಡಲು ಅಷ್ಟು ಶಾಖ ಸಾಕು. ಒಳಗಿರುವವನ ಮೈಯಲ್ಲಿ ಬಹುಪಾಲು ಇರುವುದೂ ನೀರೇ.

2. ನಿಲ್ಲುವ ಪೆಟ್ಟು. ವಿರೂಪಾಕ್ಷ ದೇವಸ್ಥಾನದ ಪೂರ್ವ ಗೋಪುರ ಸುಮಾರು 50 ಮೀಟರ್ ಎತ್ತರ. ಅಷ್ಟು ಮೇಲಿನಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 110 ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತಾನೆ. ಕವಚದ ಒಳಗಡೆ ಮೈ ನಿಲ್ಲಲು ಹತ್ತು ಸೆಂಟಿಮೀಟರ್ ಜಾಗವಿದೆ ಎಂದುಕೊಂಡರೂ ದೇಹ ಅನುಭವಿಸುವ ಪೆಟ್ಟು ಗುರುತ್ವದ 500 ಪಟ್ಟು. ಹೊರಗಿನ ಉಕ್ಕು ನೆಗ್ಗದೇ ಇರಬಹುದು. ಮಿದುಳು ತಲೆಬುರುಡೆಗೆ ಬಡಿಯುವುದನ್ನು ಆ ಉಕ್ಕು ತಡೆಯಲಾರದು.

ಈ ಎರಡನೆಯ ಅಂಶದಲ್ಲಿ ಇಡೀ ನಂಬಿಕೆಯ ಬುಡವೇ ಅಲುಗಾಡುತ್ತದೆ. ಬೈಕಿನ ಹೆಲ್ಮೆಟ್ಟನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ಗಟ್ಟಿ ಚಿಪ್ಪು ತೆಳ್ಳಗಿದೆ, ಒಳಗೆ ದಪ್ಪವಾಗಿ ಇರುವುದು ಥರ್ಮೋಕೋಲಿನಂಥ ವಸ್ತು. ಜೀವ ಉಳಿಸುವುದು ಆ ಥರ್ಮೋಕೋಲು, ತಾನು ಜಜ್ಜಿಹೋಗಿ. ಅದಕ್ಕೇ ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳಬಾರದು. ಗಟ್ಟಿಯಾಗಿದ್ದಷ್ಟೂ ರಕ್ಷಣೆ ಹೆಚ್ಚು ಎಂಬುದು ನೋಡಲು ನಿಜವೆನಿಸುವ ಸುಳ್ಳು.

ವಿಜಯನಗರದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಎಂದೇ ತೋರುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಸೇನಾ ಪರಿಶೀಲನೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸವಾರರು ತೊಟ್ಟಿದ್ದು ಪದರಪದರವಾಗಿ ಹೊಲಿದ ದಪ್ಪ ಅಂಗಿ. ಕೆಲವು ರೇಷ್ಮೆ ಜರತಾರಿಯವು, ಕೆಲವು ಗಟ್ಟಿ ತೊಗಲಿನವು, ಕೆಲವಕ್ಕೆ ಕಬ್ಬಿಣದ ಫಲಕ ಸೇರಿಸಿದ್ದವು. ಕುತ್ತಿಗೆ ಮುಚ್ಚುವ ಶಿರಸ್ತ್ರಾಣ, ಕುದುರೆಗೂ ಮುಖವಾಡ, ಮೈಗೆ ಜೂಲು. ಅವನ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ ನೂನಿಜನೂ ಹತ್ತಿ ತುಂಬಿ ಹೊಲಿದ ಅಂಗಿಗಳನ್ನು ಹೆಸರಿಸುತ್ತಾನೆ. ಈ ಬಿಸಿಲಿನಲ್ಲಿ ಪೂರ್ತಿ ಉಕ್ಕನ್ನು ತೊಟ್ಟು ಕಾದುವುದು ಸುಲಭವಿರಲಿಲ್ಲ. ಹತ್ತಿಯ ಪದರ ಬಾಣದ ಪೆಟ್ಟನ್ನೂ ಕತ್ತಿಯ ಏಟನ್ನೂ ಹೀರಿಕೊಳ್ಳುತ್ತಿತ್ತು. ಆದರೆ ನನ್ನ ವಾದಕ್ಕೆ ಮುಖ್ಯವಾದದ್ದು ಅಂಗಿಗಿಂತ ಅದರ ಕೆಳಗಿದ್ದ ಕುದುರೆ. ಆ ಕವಚದ ಎಂಜಿನ್ ಅದೇ. ದಖ್ಖನ್ನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಕಡಲ ಮೇಲೆ ಬರಬೇಕಿತ್ತು. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ನೂನಿಜ್ ಬರೆಯುತ್ತಾನೆ. ಅದಕ್ಕೂ ಹಿಂದಿನ ಅರಸ ಸಾಳುವ ನರಸಿಂಹ ಕಡಲಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ವ್ಯಾಪಾರಿ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು. ಸತ್ತ ಕುದುರೆಯ ಬಾಲಕ್ಕೆ ಹಣ ಕೊಡುವ ಅರಸ ಮೂರ್ಖನಲ್ಲ. ಪೂರೈಕೆಯ ದಾರಿ ಒಮ್ಮೆ ಮುಚ್ಚಿದರೆ ಎಷ್ಟು ಕವಚವಿದ್ದರೂ ನಿಷ್ಪ್ರಯೋಜಕ ಎಂದು ಅರಿತು, ವ್ಯಾಪಾರಿಯ ನಷ್ಟವನ್ನು ತಾನೇ ಹೊತ್ತವನು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ವಿಜಯನಗರ ಅವರೊಂದಿಗೆ ಸ್ನೇಹ ಉಳಿಸಿಕೊಳ್ಳಲು ಅಷ್ಟು ಶ್ರಮಪಟ್ಟದ್ದಕ್ಕೂ ಇದು ದೊಡ್ಡ ಕಾರಣ. ಮಹಾನವಮಿ ದಿಬ್ಬದ ಗೋಡೆಯ ಮೇಲೆ ಪರದೇಶಿ ವ್ಯಾಪಾರಿಗಳು ಕುದುರೆಗಳನ್ನು ಹಿಡಿದು ಸಾಗುವ ಸಾಲು ಇಂದಿಗೂ ಇದೆ. ಸಾಮ್ರಾಜ್ಯದ ವೈಭವವನ್ನು ಸಾರುವ ಕಲ್ಲಿನ ಮೇಲೆ ವ್ಯಾಪಾರಿಗೂ ಜಾಗ ಕೊಟ್ಟವರಿಗೆ ಬಲದ ಮೂಲ ಎಲ್ಲಿದೆಯೆಂಬ ಅರಿವು ಇತ್ತು.

ವಿಜಯನಗರಕ್ಕೂ ಹಿಂದಿನ ಕಂಪಿಲಿಯ ಕಥೆ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಈ ಸೀಮೆಯ ಜನ ಇಂದಿಗೂ ಎದೆಯಲ್ಲಿಟ್ಟುಕೊಂಡಿರುವ ವೀರ ಕಂಪಿಲರಾಯನ ಮಗ ಕುಮಾರರಾಮ. ಅವನ ಶೌರ್ಯದ ಮೇಲೆ ಕಾವ್ಯಗಳಿವೆ, ಹಾಡುಗಳಿವೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೇನೆ ಮುತ್ತಿದಾಗ ರಾಜ್ಯ ಬಿತ್ತು. ಅದಾಗಿ ಕೆಲವು ವರ್ಷಗಳಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಆ ಮುತ್ತಿಗೆಯ ಬಗ್ಗೆ ಕೇಳಿ ಬರೆದದ್ದರಲ್ಲಿ ಒಂದು ಒಣ ಸಂಗತಿಯಿದೆ: ಕೋಟೆಯೊಳಗಿನ ದಾಸ್ತಾನು ಮುಗಿಯುತ್ತ ಬಂದಿತ್ತು. ವೀರರ ಕೊರತೆಯಿಂದ ಆ ಕೋಟೆ ಬೀಳಲಿಲ್ಲ.

ಇಲ್ಲಿಗೆ ‘ಯಂತ್ರಕವಚ ಎಂಬುದೇ ಸುಳ್ಳು ಹಾಗಾದರೆ’ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1960ರ ದಶಕದಲ್ಲಿ ‘ಹಾರ್ಡಿಮನ್’ ಎಂಬ ಯಂತ್ರದೇಹಕ್ಕೆ ಕೈಹಾಕಿತು. ಅದರ ತೂಕ ಸುಮಾರು 680 ಕಿಲೋ. ಪೂರ್ತಿ ಚಾಲನೆ ಕೊಟ್ಟರೆ ಅಂಕೆ ತಪ್ಪಿ ಕುಣಿಯುತ್ತಿತ್ತು, ಕೊನೆಗೆ ಒಂದು ತೋಳನ್ನಷ್ಟೇ ಹದಕ್ಕೆ ತರಲಾಯಿತು. ಅಮೆರಿಕದ ಸೇನೆಯ ವಿಶೇಷ ಪಡೆ 2013ರಲ್ಲಿ ‘ಟಾಲೋಸ್’ ಎಂಬ ಯೋಧಕವಚದ ಯೋಜನೆ ಶುರುಮಾಡಿ 2019ರ ಹೊತ್ತಿಗೆ ಕೈಬಿಟ್ಟಿತು. ಇವು ಸೋತವು. ಅದೇ ಹೊತ್ತಿಗೆ ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ಎಬ್ಬಿಸಿ ನಡೆಸುವ ಜಪಾನಿನ ‘ಹಾಲ್’, ಇಸ್ರೇಲಿನ ‘ರಿವಾಕ್’ ಆಸ್ಪತ್ರೆಗಳಿಗೆ ಬಂದವು. ನಮ್ಮ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್‌ನಲ್ಲೂ ಸೈನಿಕನ ಹೊರೆ ಹಗುರಮಾಡುವ ಯಂತ್ರದೇಹದ ಕೆಲಸ ನಡೆದಿದೆ. ಗೆದ್ದ ಮತ್ತು ಸೋತ ಯಂತ್ರಗಳ ನಡುವಿನ ವ್ಯತ್ಯಾಸ ಸ್ಪಷ್ಟ. ಮನುಷ್ಯನನ್ನು ಅತಿಮಾನುಷನನ್ನಾಗಿಸಲು ಹೊರಟವು ಸೋತವು. ಅವನ ಒಂದು ಕೀಲಿಗೆ, ಒಂದು ಸ್ನಾಯುವಿಗೆ ಊರುಗೋಲಾದವು ಗೆದ್ದವು.

ಕಂಪ್ಲಿಯ ಗಿರಣಿಯ ಮುಂದೆ ನಿಂತು ಈ ಮಾತನ್ನು ಪರೀಕ್ಷಿಸಬಹುದು. ಈ ಭಾಗದಲ್ಲಿ ನೆಲ್ಲಿನ ದರ ಹೇಳುವುದೇ 75 ಕಿಲೋ ಚೀಲದ ಲೆಕ್ಕದಲ್ಲಿ. ಹಮಾಲಿ ತಲೆಗೆ ಟವೆಲು ಸುತ್ತಿ, ಕೈಯ ಕೊಕ್ಕೆಯನ್ನು ಚೀಲದ ಮೂಲೆಗೆ ಸಿಕ್ಕಿಸಿ, ಅರೆಬಾಗಿ ಬೆನ್ನು ಕೊಡುತ್ತಾನೆ. ಇನ್ನಿಬ್ಬರು ಎತ್ತಿ ಹೊರಿಸುತ್ತಾರೆ. ಲಾರಿಗೆ ಒರಗಿಸಿದ ಹಲಗೆಯ ಮೇಲೆ ಅವನು ಏರುತ್ತಾನೆ. ಆ ಚೀಲವನ್ನು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 1100 ಜೌಲ್. ನಿಮಿಷಕ್ಕೆ ಎರಡು ಚೀಲ ಎಂದು ಹಿಡಿದರೆ ಸರಾಸರಿ 40 ವಾಟಿಗೂ ಕಡಿಮೆ, ಒಂದು ಸಾಧಾರಣ ಫ್ಯಾನು ತಿರುಗುವುದಕ್ಕಿಂತ ಕಮ್ಮಿ. ಗಿಗಾಜೌಲಿನ ಮಾತೇ ಬೇಕಿಲ್ಲ. ಕೆಲವೇ ಕಿಲೋ ಬ್ಯಾಟರಿ ದಿನವಿಡೀ ಸಾಲಬಹುದು. ಆದರೆ ಚೀಲವನ್ನು ಬಗ್ಗಿ ಎತ್ತುವಾಗ ಸೊಂಟದ ಡಿಸ್ಕಿನ ಮೇಲೆ ಬೀಳುವ ಒತ್ತಡ ಚೀಲದ ತೂಕದ ಹಲವು ಪಟ್ಟು, ಏಕೆಂದರೆ ಭಾರ ಬೆನ್ನೆಲುಬಿನಿಂದ ಮುಂದೆ ದೂರದಲ್ಲಿದೆ, ಅದನ್ನು ಎಳೆದು ಹಿಡಿಯುವ ಸ್ನಾಯು ಬೆನ್ನೆಲುಬಿಗೆ ಅಂಟಿದಂತಿದೆ. ನಲವತ್ತು ದಾಟುವುದರೊಳಗೆ ನಡು ಹಿಡಿದು ಕೂರುವ ಹಮಾಲಿಗೆ ಬೇಕಿರುವುದು ಹಾರುವ ಕವಚವಲ್ಲ, ಸೊಂಟಕ್ಕೊಂದು ಸಣ್ಣ ಆಸರೆ. ತಂತ್ರಜ್ಞಾನ ಅದನ್ನು ಕೊಡುವ ಹಂತಕ್ಕೆ ಬಂದಿದೆ.

ಆದರೂ ನನ್ನ ವಾದ ಅಲ್ಲಿಗೆ ನಿಲ್ಲುವುದಿಲ್ಲ. ಆಸರೆ ಕೊಡುವ ಮುಂಚೆ ಕೇಳಬೇಕಾದದ್ದು: ಚೀಲ 75 ಕಿಲೋ ಯಾಕಿರಬೇಕು? ಒಬ್ಬ ಕಾರ್ಮಿಕ ಹೊರುವ ಭಾರ 55 ಕಿಲೋಗಿಂತ ಹೆಚ್ಚಿರುವಲ್ಲಿ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. 50 ಕಿಲೋ ಚೀಲ ಹೊಲಿಯಲು ಯಾವ ಸಂಶೋಧನೆಯೂ ಬೇಡ. ಮೈಮೇಲೆ ಏನು ತೊಡಿಸೋಣ ಎಂದು ಯೋಚಿಸುವ ಅಭ್ಯಾಸ, ಮೈಮೇಲೆ ಏನು ಹೇರಿದ್ದೇವೆ ಎಂಬ ಪ್ರಶ್ನೆಯನ್ನೇ ಮರೆಸುತ್ತದೆ. ಮೊದಲನೆಯ ನಂಬಿಕೆಯನ್ನು ಅಪಾಯಕಾರಿ ಎಂದದ್ದು ಈ ಕಾರಣಕ್ಕೆ.

ಸಂಡೂರಿನಲ್ಲಿ ಈ ಅಪಾಯ ಇನ್ನೂ ದೊಡ್ಡದು. ಗಣಿಯ ಸುರಕ್ಷತೆಯ ವಿಷಯ ಬಂದೊಡನೆ ನಾವು ಹೆಲ್ಮೆಟ್, ಬೂಟು, ಮಾಸ್ಕುಗಳ ಮಾತಿಗೆ ಬರುತ್ತೇವೆ. ಸುರಕ್ಷತಾ ಶಾಸ್ತ್ರ ಜಗತ್ತಿನೆಲ್ಲೆಡೆ ಒಪ್ಪಿರುವ ಕ್ರಮ ಇದಕ್ಕೆ ತೀರ ತಿರುವುಮುರುವು: ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ಅದರ ಜಾಗಕ್ಕೆ ತರಬೇಕು, ಅದೂ ಆಗದಿದ್ದರೆ ಹುಟ್ಟುವಲ್ಲೇ ಯಂತ್ರದಿಂದ ತಡೆಯಬೇಕು, ಆಮೇಲೆ ಕೆಲಸದ ಹೊತ್ತು, ಪಾಳಿ, ನಿಯಮಗಳನ್ನು ಬದಲಿಸಬೇಕು, ಮೈಮೇಲೆ ತೊಡುವ ಸಾಧನ ಕಟ್ಟಕಡೆಯದು. ಅದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಐದು ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ತಳ ಮುಟ್ಟಿ ಸಿಲಿಕೋಸಿಸ್ ತರುತ್ತವೆ. ಆ ರೋಗಕ್ಕೆ ಮದ್ದಿಲ್ಲ. ಒಳ್ಳೆಯ ಮಾಸ್ಕು ಅವನ್ನು ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಅಂಟಿದ್ದರೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಸಡಿಲಿಸದೆ ದುಡಿಯುವವರು ಎಷ್ಟು ಮಂದಿ? ಸಡಿಲಿಸಿದ ತಪ್ಪು ಕೊನೆಗೆ ಕಾರ್ಮಿಕನ ತಲೆಗೇ ಬರುತ್ತದೆ. ವೈಯಕ್ತಿಕ ಕವಚದ ತತ್ವದಲ್ಲಿ ನನಗೆ ಅತಿ ಅನ್ಯಾಯವೆನಿಸುವುದು ಇದು: ಅಪಾಯವನ್ನು ಹುಟ್ಟಿಸಿದವನ ಹೊಣೆಯನ್ನು ಅದಕ್ಕೆ ಒಡ್ಡಿಕೊಂಡವನ ಹೆಗಲಿಗೆ ದಾಟಿಸುತ್ತದೆ.

ಕವಚ ತೊಡದವರ ಗತಿಯೇನು ಎಂಬುದು ಉಳಿದೇ ಇದೆ. ಅದಿರಿನ ರಫ್ತು ಉಚ್ಛ್ರಾಯದಲ್ಲಿದ್ದ ವರ್ಷಗಳಲ್ಲಿ ಸಂಡೂರು ಹೊಸಪೇಟೆ ರಸ್ತೆಗಳಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು. ರಸ್ತೆ ಬದಿಯ ಜೋಳ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಚಾಲಕನಿಗೂ ಗಣಿ ಕಾರ್ಮಿಕನಿಗೂ ಮಾಸ್ಕು ಕೊಡಬಹುದು, ಬೆಳೆಗೆ ಕೊಡಲಾಗದು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಕೊಡಲಾಗದು. ಆ ಧೂಳು ಇಳಿದದ್ದು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಮತ್ತು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್ ಆದೇಶದಿಂದ, ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಉತ್ಪಾದನೆಗೆ ಮಿತಿ ಹಾಕಿದ್ದರಿಂದ. ಸಂಡೂರು ಕಡೆಯಿಂದ ತೋರಣಗಲ್ಲಿಗೆ ಅದಿರು ಸಾಗಿಸುವ ಮುಚ್ಚಿದ ಕನ್ವೇಯರ್ ಈಗ ಓಡುತ್ತಿದೆ. ಲಾರಿಗಳು ಪೂರ್ತಿ ನಿಂತಿಲ್ಲ. ಒಂದು ನ್ಯಾಯಾಲಯದ ಆದೇಶ, ಒಂದು ಕನ್ವೇಯರ್ ಬೆಲ್ಟು, ಇವು ಯಾರ ಮೈಮೇಲೂ ಇಲ್ಲ. ರಕ್ಷಿಸುವುದು ಎಲ್ಲರನ್ನೂ. ಹಾಗೆಂದು ನಾಳೆಯೇ ಹೆಲ್ಮೆಟ್ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹಿಂದಿನ ನಾಲ್ಕು ಹಂತಗಳ ಕೆಲಸ ಮುಗಿಯುವ ತನಕ, ಮುಗಿದ ಮೇಲೂ, ಅದು ಬೇಕು. ಮೊದಲ ಉತ್ತರವಾಗಿ ಅದನ್ನು ಮುಂದಿಡಬಾರದು ಎಂಬುದಷ್ಟೇ ನನ್ನ ಮಾತು.

ವೀರನೊಬ್ಬ ಬಂದು ಉಳಿಸುತ್ತಾನೆ ಎಂಬ ಆಸೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದನ್ನು 2024ರ ಆಗಸ್ಟ್ ತೋರಿಸಿತು. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟುಗಳಲ್ಲಿ ಒಂದು. ಆ ಕಂಡಿಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ಕಾದುಕುಳಿತಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ಕಂಡಿ ಮುಚ್ಚಲಾಯಿತು. ಆ ಕೆಲಸಕ್ಕೆ ದಾರಿ ತೋರಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಅನುಭವ, ಧೈರ್ಯ ಎರಡೂ ದೊಡ್ಡವು, ಅವರಿಗೆ ಸಂದ ಗೌರವ ನ್ಯಾಯವಾದದ್ದೇ. ಆದರೆ ಸ್ಟಾಪ್‌ಲಾಗಿನ ಉಕ್ಕನ್ನು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿದ ಕಾರ್ಖಾನೆಗಳ ಕಾರ್ಮಿಕರು, ಕ್ರೇನಿನವರು, ಭೋರ್ಗರೆವ ನೀರಿನ ಮೇಲೆ ತೂಗಿ ನಿಂತು ಕೆಲಸ ಮಾಡಿದವರು ಇಲ್ಲದೆ ಆ ಜಾಣ್ಮೆ ಕಾಗದದ ಮೇಲೇ ಉಳಿಯುತ್ತಿತ್ತು. ಇನ್ನೂ ಹಿಂದಕ್ಕೆ ಹೋಗಿ ಕೇಳಿದರೆ, ಏಳು ದಶಕ ಹಳೆಯ ಗೇಟುಗಳ ಸರಪಳಿಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ, ಸಿದ್ಧ ಸ್ಟಾಪ್‌ಲಾಗ್ ಪಕ್ಕದಲ್ಲೇ ಇದ್ದಿದ್ದರೆ, ಯಾರೂ ವೀರರಾಗಬೇಕಿರಲಿಲ್ಲ. ಎಷ್ಟು ಬಲವಾದ ರಚನೆಯಾದರೂ ಅದರ ಅತಿ ದುರ್ಬಲ ಕೊಂಡಿಯಷ್ಟೇ ಬಲಶಾಲಿ. ಸಿನಿಮಾದ ಕವಚದಲ್ಲಿ ಆ ಕೊಂಡಿ ಎದೆಯ ಮಧ್ಯೆ ಒಂದೇ ಒಂದು ಇದೆ. ಅಂಥ ವಿನ್ಯಾಸವನ್ನು ಯಾವ ಅಣೆಕಟ್ಟಿನ ಎಂಜಿನಿಯರೂ ಒಪ್ಪಲಾರ.

‘ಮಕ್ಕಳಿಗೆ ಎಂಜಿನಿಯರಿಂಗಿನ ಮೇಲೆ ಆಸೆ ಹುಟ್ಟಿಸುವುದಾದರೆ ಆ ಕಥೆ ಹೇಗಿದ್ದರೇನು’ ಎಂಬ ಕೊನೆಯ ಆಕ್ಷೇಪಕ್ಕೆ ತೂಕವಿದೆ. ಆಸೆ ಹುಟ್ಟಲಿ. ರಟ್ಟು, ಎಲ್‌ಇಡಿ, ಸಣ್ಣ ಮೋಟಾರುಗಳಿಂದ ತೋಳು ಕಟ್ಟುವ ಹುಡುಗಿಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಅವಳ ಮೇಷ್ಟ್ರು ಮೂರು ಪ್ರಶ್ನೆ ಕೇಳಲೇಬೇಕು: ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ, ಇದು ಕೆಟ್ಟಾಗ ಏನಾಗುತ್ತದೆ, ಇದನ್ನು ತೊಡದವರಿಗೆ ಏನು ಸಿಗುತ್ತದೆ. ಈ ಮೂರನ್ನೂ ಕೇಳಿಸಿಕೊಂಡು ಬೆಳೆದವಳು ಮುಂದೆ ಗಣಿಗೋ ಗಿರಣಿಗೋ ಅಣೆಕಟ್ಟಿಗೋ ಎಂಜಿನಿಯರಾಗಿ ಬಂದರೆ ಈ ಸೀಮೆಗೆ ಲಾಭ.

ದೊಡ್ಡವರಿಗೂ ಒಂದು ಮಾತು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿಯ ಧೂಳು ಉಂಡ ಊರುಗಳಿಗೆ ಸೇರಿದ್ದು. ಅದರ ಕ್ರಿಯಾಯೋಜನೆ ನಿಮ್ಮ ಗ್ರಾಮಸಭೆಗೆ ಬಂದಾಗ ಮಾಸ್ಕು, ಹೆಲ್ಮೆಟ್ಟುಗಳ ವಿತರಣೆಯ ಸಾಲನ್ನು ನೋಡಿ ಸಹಿ ಮಾಡಿ ಎದ್ದುಬರಬೇಡಿ. ಮುಚ್ಚಿದ ಕನ್ವೇಯರ್ ನಮ್ಮ ಊರಿನ ದಾರಿಗೆ ಯಾವಾಗ, ಟಾರ್ಪಲ್ ಹೊದಿಸದ ಲಾರಿಗೆ ದಂಡ ಹಾಕುವವರು ಯಾರು, ರಸ್ತೆಗೆ ನೀರು ಹೊಡೆಯುವ ಟ್ಯಾಂಕರು ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.